ಒದ್ದೆ ಬಟ್ಟೆ, ಬೀಸುಗಾಳಿ ಮತ್ತು ಮೈಯ ಶಾಖ

ಕೇಳುಗರಿಗೆ ನಮಸ್ಕಾರ.

1964ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನಲ್ಲಿ ಸ್ಕೌಟ್ ತರುಣರಿಗಾಗಿ 45 ಮೈಲಿ ದೂರದ ನಡಿಗೆಯ ಸ್ಪರ್ಧೆಯೊಂದು ನಡೆಯಿತು. ಅಂದು ಮಳೆ ಹಿಡಿದಿತ್ತು, ಜೊತೆಗೆ ಬಿರುಗಾಳಿಯಿತ್ತು. ಗಟ್ಟಿಮುಟ್ಟಾದ ಮೂವರು ತರುಣರು ಆ ದಾರಿಯಲ್ಲಿ ದೇಹದ ಶಾಖ ಕಳೆದುಕೊಂಡು ಪ್ರಾಣಬಿಟ್ಟರು. ಈ ಸಾವುಗಳ ಹಿಂದಿನ ಕಾರಣವನ್ನು ಹುಡುಕಲು ಹೊರಟವರು ಗ್ರಿಫಿತ್ ಪ್ಯೂ ಎಂಬ ಶರೀರವಿಜ್ಞಾನಿ. 1953ರ ಎವರೆಸ್ಟ್ ತಂಡದ ಜೊತೆಗಿದ್ದವರು ಅವರೇ. ಅವರ ಗಮನ ಹೋದದ್ದು ಚಳಿಯ ಪ್ರಮಾಣದ ಕಡೆಗಿಂತ ಹೆಚ್ಚಾಗಿ ಆ ಹುಡುಗರು ತೊಟ್ಟಿದ್ದ ಬಟ್ಟೆಯ ಕಡೆಗೆ.

ಬಟ್ಟೆ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ನೂಲಿನ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಬಟ್ಟೆಯ ಕೆಲಸ ಆ ಗಾಳಿಯನ್ನು ಹಿಡಿದಿಡುವುದಷ್ಟೇ. ಬಟ್ಟೆ ತೊಯ್ದಾಗ ಆ ಸಂದುಗಳಲ್ಲಿ ನೀರು ತುಂಬಿಕೊಳ್ಳುತ್ತದೆ, ಮತ್ತು ನೀರು ನಿಶ್ಚಲ ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಈ ಸಂಖ್ಯೆಯನ್ನು ಕೇಳಿದವರು ಒದ್ದೆ ಬಟ್ಟೆಯಲ್ಲಿ ಮೈ 24 ಪಟ್ಟು ಬೇಗ ತಣ್ಣಗಾಗುತ್ತದೆ ಎಂದು ಹೇಳಿಬಿಡುವುದುಂಟು. ಅದು ಸರಿಯಲ್ಲ, ಏಕೆಂದರೆ ಒದ್ದೆ ಬಟ್ಟೆ ತೊಟ್ಟವನು ಹೊಳೆಯಲ್ಲಿ ಮುಳುಗಿದವನಲ್ಲ, ಅವನ ಮೈಗೆ ಅಂಟಿರುವುದು ನೀರಿನ ತೆಳುವಾದ ಪದರ ಮಾತ್ರ. ಆದರೆ ಆ ತೆಳು ಪದರ ಇನ್ನೊಂದು ದಾರಿಯಿಂದ ಶಾಖವನ್ನು ಕದಿಯುತ್ತದೆ, ಅದು ಆವಿಯಾಗುವ ದಾರಿ. ಮಣ್ಣಿನ ಹೂಜಿಯ ಮೈಯಿಂದ ಜಿನುಗಿದ ನೀರು ಆರುತ್ತಾ ಒಳಗಿನ ನೀರನ್ನು ತಂಪು ಮಾಡುವಂತೆಯೇ, ಒದ್ದೆ ಅಂಗಿಯ ನೀರು ಆರುತ್ತಾ ಅಂಗಿಯೊಳಗಿನ ಮನುಷ್ಯನನ್ನು ತಂಪು ಮಾಡುತ್ತದೆ.

ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೈಯ ಮೇಲಿನ ಒಂದು ಲೀಟರ್ ನೀರು ಆವಿಯಾಗಲು ಹತ್ತಿರಹತ್ತಿರ 580 ಕಿಲೋ ಕ್ಯಾಲರಿ ಶಾಖ ಬೇಕು. ದಪ್ಪನೆಯ ಜೀನ್ಸ್ ಪ್ಯಾಂಟು ಮತ್ತು ಹತ್ತಿಯ ಅಂಗಿ ಪೂರ್ತಿ ತೊಯ್ದರೆ ಅಷ್ಟು ನೀರನ್ನು ಹೀರಿಕೊಳ್ಳುವುದು ದೊಡ್ಡ ಮಾತೇನಲ್ಲ. ಸುಮ್ಮನೆ ಕುಳಿತ ಮನುಷ್ಯನ ದೇಹ ಗಂಟೆಗೆ ಉತ್ಪಾದಿಸುವ ಶಾಖ ಸುಮಾರು 70ರಿಂದ 80 ಕಿಲೋ ಕ್ಯಾಲರಿ. ಅಂದರೆ ತೊಟ್ಟ ಬಟ್ಟೆಯನ್ನು ಮೈಯ ಬಿಸಿಯಿಂದಲೇ ಒಣಗಿಸಿಕೊಳ್ಳುತ್ತೇನೆಂದು ಹೊರಟವನು ಏಳೆಂಟು ಗಂಟೆಗಳ ಇಡೀ ಗಳಿಕೆಯನ್ನು ಅದಕ್ಕೇ ಸುರಿಯಬೇಕಾಗುತ್ತದೆ. ಆವಿಯಾಗಲು ಬೇಕಾದ ಶಾಖದಲ್ಲಿ ಒಂದು ಪಾಲು ಸುತ್ತಲಿನ ಗಾಳಿಯಿಂದಲೂ ಬರುತ್ತದೆ ಎಂಬುದು ನಿಜ, ಆದರೆ ತಣ್ಣನೆಯ ಗಾಳಿಯ ಬಳಿ ಕೊಡಲು ಹೆಚ್ಚೇನೂ ಇರುವುದಿಲ್ಲ. ಗಾಳಿ ಬೀಸತೊಡಗಿದರಂತೂ ಆವಿಯಾಗುವ ವೇಗವೂ ಏರುತ್ತದೆ, ಬಟ್ಟೆಯೊಳಗೆ ಅಳಿದುಳಿದ ಬೆಚ್ಚನೆಯ ಗಾಳಿಯೂ ಕಿತ್ತುಹೋಗುತ್ತದೆ.

ಪ್ಯೂ ಅವರು ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ, ಒದ್ದೆ ಬಟ್ಟೆ ತೊಟ್ಟವರಿಂದ ಗಾಳಿಗೆದುರಾಗಿ ಸೈಕಲ್ ಯಂತ್ರವನ್ನು ತುಳಿಸಿ ನೋಡಿದರು. ಜೋರಾಗಿ ತುಳಿಯುವಷ್ಟು ಹೊತ್ತು ದೇಹ ತನ್ನ ಶಾಖವನ್ನು ಹೇಗೋ ಕಾಪಾಡಿಕೊಳ್ಳುತ್ತಿತ್ತು, ತುಳಿತ ನಿಧಾನವಾದಾಗ ತೊಂದರೆ ಶುರುವಾಗುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳೇ ಇದು. ಮಳೆಯಲ್ಲಿ ನಡೆಯುತ್ತಿರುವವನಿಗೆ ಚಳಿ ಗೊತ್ತಾಗುವುದಿಲ್ಲ, ಏಕೆಂದರೆ ನಡಿಗೆಯೇ ಅವನಿಗೆ ಒಲೆಯಾಗಿರುತ್ತದೆ. ದಾರಿ ತಪ್ಪಿ ನಿಂತಾಗ, ಜೊತೆಗಾರನ ಕಾಲು ಉಳುಕಿ ಎಲ್ಲರೂ ಕುಳಿತಾಗ, ಹೊಟ್ಟೆ ಖಾಲಿಯಾಗಿ ಹೆಜ್ಜೆ ಸೋತಾಗ ಅದೇ ಬಟ್ಟೆ, ಅದೇ ಗಾಳಿ ಅಪಾಯಕ್ಕೆ ತಿರುಗುತ್ತವೆ. ಆದ್ದರಿಂದಲೇ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಒಣ ಚಳಿಗಿಂತ ಐದು ಡಿಗ್ರಿಯ ಮಳೆಗಾಳಿ ಎಷ್ಟೋ ಸಲ ಹೆಚ್ಚು ಕೆಡುಕು ಮಾಡುತ್ತದೆ. ಒಣ ಹಿಮವನ್ನು ಜಾಕೆಟ್ಟಿನಿಂದ ಕೊಡವಿಹಾಕಬಹುದು, ಮಳೆಯನ್ನು ಕೊಡವಲಾಗದು.

ದೇಹದ ಒಳಗಿನ ತಾಪಮಾನ 37 ಡಿಗ್ರಿಯ ಆಸುಪಾಸಿನಲ್ಲಿರುವುದು ಸಹಜ. ಅದು 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಹೈಪೊಥರ್ಮಿಯಾ ಎನ್ನುತ್ತಾರೆ. ಮೊದಲಿಗೆ ಮೈ ನಡುಗುತ್ತದೆ, ಮತ್ತು ಆ ನಡುಕ ಶಾಖದ ಉತ್ಪಾದನೆಯನ್ನು ಹಲವು ಪಟ್ಟು ಏರಿಸುವ ಸ್ನಾಯುಗಳ ದುಡಿಮೆಯಾದ್ದರಿಂದ ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯಬೇಕು. ಆಮೇಲೆ ಬೆರಳುಗಳು ಮರಗಟ್ಟಿ ಜಿಪ್ ಎಳೆಯಲಾಗುವುದಿಲ್ಲ, ಮಾತು ತೊದಲುತ್ತದೆ, ಹೆಜ್ಜೆ ತಡವರಿಸುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. 32 ಡಿಗ್ರಿಯ ಸುತ್ತಮುತ್ತ ನಡುಕ ಕಡಿಮೆಯಾಗುತ್ತಾ ನಿಂತೇಹೋಗಬಹುದು. ನೋಡುವವರಿಗೆ ಚೇತರಿಸಿಕೊಂಡಂತೆ ಕಂಡರೂ ಆಗ ಸ್ಥಿತಿ ಕೈಮೀರುತ್ತಿರುತ್ತದೆ. ಅಷ್ಟು ಹೊತ್ತಿಗೆ ವಿವೇಚನೆಯೂ ಮಂಕಾಗಿರುವುದರಿಂದ, ಚೀಲದಲ್ಲಿ ಒಣ ಸ್ವೆಟರ್ ಇದ್ದರೂ ತೆಗೆದು ತೊಡಬೇಕೆಂದು ತೊಂದರೆಗೊಳಗಾದವನಿಗೇ ಹೊಳೆಯುವುದಿಲ್ಲ. ಕೆಲವರು ಸಾವಿನ ಅಂಚಿನಲ್ಲಿ ಸೆಕೆಯೆಂದು ಭ್ರಮಿಸಿ ತೊಟ್ಟ ಬಟ್ಟೆಯನ್ನೂ ಕಳಚುತ್ತಾರೆ.

ಇದು ಪರದೇಶದ ಕಥೆ ಮಾತ್ರವಲ್ಲ. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡವೊಂದು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ತೀರಿಕೊಂಡದ್ದು ನಮ್ಮಲ್ಲಿ ಅನೇಕರ ನೆನಪಿನಲ್ಲಿದೆ. ಜೂನ್ ಎಂದರೆ ಬೇಸಿಗೆ ಎಂಬ ಎಣಿಕೆ ಆ ಎತ್ತರದಲ್ಲಿ ನಡೆಯುವುದಿಲ್ಲ. ಹಿಮಾಲಯಕ್ಕೆ ಹೊರಡುವ ನಮ್ಮವರು ಮಳೆಗೆ ರೇನ್‌ಕೋಟ್ ಒಯ್ಯುತ್ತಾರೆ, ಬೆವರನ್ನು ಮಾತ್ರ ಮರೆಯುತ್ತಾರೆ. ಮುಂಜಾನೆಯ ಚಳಿಗೆ ದಪ್ಪ ಜಾಕೆಟ್ ತೊಟ್ಟು ಏರು ಹತ್ತಿದವನ ಒಳಅಂಗಿ ಒಂದು ಗಂಟೆಯೊಳಗೆ ಬೆವರಿನಿಂದ ತೊಪ್ಪೆಯಾಗಿರುತ್ತದೆ, ಮತ್ತು ಕಣಿವೆಯ ತುದಿಯಲ್ಲಿ ಫೋಟೊ ತೆಗೆಯಲು ನಿಂತಾಗ ಆ ಒಳಗಿನ ಒದ್ದೆ ತನ್ನ ಕೆಲಸ ಆರಂಭಿಸುತ್ತದೆ. ಹತ್ತುವ ಮೊದಲೇ ಒಂದು ಪದರ ಕಳಚಿ, ನಿಂತ ಕೂಡಲೇ ಅದನ್ನು ತೊಡುವುದು ಅನುಭವಿಗಳ ರೂಢಿ.

ಹತ್ತಿ ಬಟ್ಟೆ ನೀರನ್ನು ಎಳೆಯೊಳಕ್ಕೇ ಹೀರಿಕೊಂಡು ಮೈಗಂಟಿ ಜೋತುಬೀಳುತ್ತದೆ, ಬೇಗ ಆರುವುದೂ ಇಲ್ಲ. ಪಾಲಿಯೆಸ್ಟರ್ ಹೀರುವುದು ಅತ್ಯಲ್ಪ, ಬೇಗ ಒಣಗುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹಿಡಿದುಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ, ಅದರ ಗುಂಗುರು ಎಳೆಗಳು ತೇವದಲ್ಲೂ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಲೆನಾಡಿನ ರೈತರು ನಾಟಿಯ ಮಳೆಯಲ್ಲಿ ಕುರಿಯ ಉಣ್ಣೆಯ ಕಂಬಳಿಕೊಪ್ಪೆ ಹಾಕುತ್ತಿದ್ದದ್ದು ಬೇರೇನೂ ಸಿಗದೆ ಅಲ್ಲ. ಒರಟು ನೇಯ್ಗೆಯ ಆ ಕಂಬಳಿಯ ಮೇಲ್ಮೈಯಲ್ಲಿ ಮಳೆಹನಿ ಜಾರಿ ಅಂಚಿನಿಂದ ತೊಟ್ಟಿಕ್ಕುತ್ತಿತ್ತು, ತೊಯ್ದು ಭಾರವಾದ ಮೇಲೂ ಬೆನ್ನು ಬೆಚ್ಚಗಿರುತ್ತಿತ್ತು. ಬಗ್ಗಿ ಸಸಿ ನೆಡುವ ಹೆಂಗಸರಿಗೆ ಎಲೆಯಿಂದ ಹೆಣೆದ ಗೊರಬು ಇತ್ತು, ಅದು ಮಳೆ ಗಾಳಿ ಎರಡನ್ನೂ ಬೆನ್ನಿಗೆ ತಾಗಗೊಡುತ್ತಿರಲಿಲ್ಲ. ಈಗಿನ ಪ್ಲಾಸ್ಟಿಕ್ ಹೊದಿಕೆ ಹಗುರವೇನೋ ಹೌದು, ಆದರೆ ಒಳಗಿನ ಬೆವರನ್ನು ಅದು ಹೊರಗೆ ಬಿಡುವುದಿಲ್ಲ.

ಒದ್ದೆಯಾಗಿ ನಡುಗುತ್ತಿರುವವರು ಎದುರಾದರೆ ಮೊದಲು ಅವರನ್ನು ಗಾಳಿಯ ಮರೆಗೆ ಕರೆದೊಯ್ಯಬೇಕು, ಆಮೇಲೆ ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ತೊಡಿಸಿ, ತಲೆ ಕುತ್ತಿಗೆಗಳನ್ನೂ ಸುತ್ತಬೇಕು. ಕೂರುವ ನೆಲಕ್ಕೂ ಏನಾದರೂ ಹಾಸಬೇಕು, ಏಕೆಂದರೆ ತಣ್ಣನೆಯ ನೆಲವೂ ಶಾಖವನ್ನು ಎಳೆಯುತ್ತದೆ. ಗಾಳಿಯ ಮರೆಯೂ ಒಣ ಬಟ್ಟೆಯೂ ಇಲ್ಲದ ಜಾಗದಲ್ಲಿ ಒದ್ದೆ ಬಟ್ಟೆಯ ಮೇಲೆಯೇ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಕಂಬಳಿ ಹೊದಿಸಿದರೆ ಆವಿಯಾಗುವುದಾದರೂ ನಿಲ್ಲುತ್ತದೆ. ಎಚ್ಚರವಿದ್ದು ಸಲೀಸಾಗಿ ನುಂಗಬಲ್ಲವರಿಗೆ ಸಿಹಿಯಾದ ಬಿಸಿ ಪಾನೀಯ ಕೊಡಬಹುದು. ಮದ್ಯ ಬೇಡವೇ ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದಂತೆ ತೋರಿಸುತ್ತಲೇ ಶಾಖವನ್ನು ಹೊರಗೆ ಚೆಲ್ಲುತ್ತದೆ. ಕೈಕಾಲು ತಿಕ್ಕುವುದೂ ಸಲ್ಲದು. ನಡುಕ ನಿಂತು ಮಂಪರಿಗೆ ಜಾರಿದವರ ಹೃದಯ ಒರಟು ಅಲುಗಾಟಕ್ಕೇ ತಾಳ ತಪ್ಪಬಲ್ಲದಾದ್ದರಿಂದ, ಅಂಥವರನ್ನು ಮಲಗಿಸಿದಂತೆಯೇ ನಯವಾಗಿ ಆಸ್ಪತ್ರೆಗೆ ಸಾಗಿಸಬೇಕು.

ಆಸ್ಪತ್ರೆಗೆ ತಲುಪಿಸಿದವರು ಒಂದು ಮಾತನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು: ಇವರು ಇಷ್ಟು ಹೊತ್ತು ಒದ್ದೆ ಬಟ್ಟೆಯಲ್ಲಿ ಗಾಳಿಗೆ ಒಡ್ಡಿಕೊಂಡಿದ್ದರು ಎಂದು. ಮನೆಗಳಲ್ಲಿ ಬಳಕೆಯಲ್ಲಿದ್ದ ಪಾದರಸದ ಥರ್ಮಾಮೀಟರು ಜ್ವರ ಅಳೆಯಲೆಂದೇ ಮಾಡಿದ್ದು. ಅದರ ಗೀಟುಗಳು ಆರಂಭವಾಗುವುದೇ 35 ಡಿಗ್ರಿಯ ಹತ್ತಿರ, ಹಾಗಾಗಿ ಮೈ 30 ಡಿಗ್ರಿಗೆ ಇಳಿದಿದ್ದರೂ ಅದು ಜ್ವರವಿಲ್ಲ ಎಂದಷ್ಟೇ ತೋರಿಸುತ್ತದೆ. ಇಂಥ ಸಂದರ್ಭಕ್ಕೆ ಕೆಳಗಿನ ತಾಪಮಾನವನ್ನೂ ಓದಬಲ್ಲ ಥರ್ಮಾಮೀಟರು ಬೇಕು, ಅದನ್ನು ತರಿಸಬೇಕೆಂದು ವೈದ್ಯರಿಗೆ ಹೊಳೆಯುವುದು ನೀವು ಹೇಳುವ ಆ ಒಂದು ಮಾತಿನಿಂದ. ನಮಸ್ಕಾರ.