ಮೇಜಿನ ಮೇಲಿನ ಯುದ್ಧದಲ್ಲಿ ಯಾರ ಲೆಕ್ಕ ಇಡುತ್ತೇವೆ?

(ದೃಶ್ಯ: ಮೇಜಿನ ಮೇಲೆ ಕಪ್ಪು ಬಟ್ಟೆ. ಶಹಾಬಾದ್ ಕಲ್ಲಿನ ಚೂರುಗಳಿಂದ ಕಟ್ಟಿದ ಪುಟ್ಟ ಕೋಟೆ, ತೊಗರಿ ಕಟ್ಟಿಗೆಯ ಬೇಲಿ. ಸುತ್ತ ಅಂಗುಲದಷ್ಟು ಎತ್ತರದ ಸೈನಿಕರು. ಒಂದು ಕೈ ದಾಳ ಉರುಳಿಸುತ್ತದೆ.)

ನಿರೂಪಣೆ:

ಕಲಬುರಗಿಯಿಂದ ನಮಸ್ಕಾರ. ಯುದ್ಧದ ಆಟ ಆಡುವವರು ನಾಲ್ವರು ಒಂದೆಡೆ ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ. "ವಾರವೆಲ್ಲ ಕಚೇರಿ, ಸಾಲದ ಕಂತು, ಮಕ್ಕಳ ಫೀಸು. ಭಾನುವಾರ ಎರಡು ತಾಸು ಸೈನ್ಯ ನಡೆಸಿ ಮನಸ್ಸು ಹಗುರ ಮಾಡಿಕೊಳ್ಳೋಣ ಎಂದರೆ ಅಲ್ಲಿಯೂ ನೀತಿಪಾಠವೇ?" ಎಂದು ಒಬ್ಬರು. "ಊರು ಸುಡುವುದನ್ನು ಆಟ ಮಾಡಿಕೊಂಡವನ ಮನಸ್ಸು ಮೇಜಿನಿಂದ ಎದ್ದ ಮೇಲೆ ಬೇರೆಯಾಗುತ್ತದೆಯೇ?" ಎಂದು ಇನ್ನೊಬ್ಬರು.

ಇಂದಿನ ವಿಡಿಯೋದಲ್ಲಿ ಈ ವಾದವನ್ನೇ ಕೈಗೆತ್ತಿಕೊಳ್ಳುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆಡಲು ಬಂದವರು ಎರಡು ತಾಸು ಏನನ್ನು ಮರೆಯಬೇಕು ಎಂಬುದು ಅವರವರ ಇಷ್ಟ. ನಿಯಮ ಬರೆಯುವವರಿಗೆ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಗೆಲುವಿನ ಲೆಕ್ಕಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಬರೆಯುವಾಗಲೇ ನಮ್ಮ ಮೌಲ್ಯಗಳು ಅದರಲ್ಲಿ ಸೇರಿಹೋಗಿರುತ್ತವೆ.

(ದೃಶ್ಯ: ಟೇಪ್ ಹಿಡಿದು ಇಬ್ಬರು ಸೈನಿಕರ ನಡುವಿನ ದೂರ ಅಳೆಯುವುದು.)

ಹೊಸಬರಿಗಾಗಿ ಎರಡು ಮಾತು. ಟೇಬಲ್‌ಟಾಪ್ ವಾರ್‌ಗೇಮ್ ಎಂದರೆ ಪುಟ್ಟ ಗೊಂಬೆಗಳು, ಇಲ್ಲವೇ ರಟ್ಟಿನ ಕಾಯಿಗಳು, ಒಂದು ನಕ್ಷೆ, ದಾಳ, ಅಳತೆಯ ಟೇಪ್ ಮತ್ತು ಒಂದು ನಿಯಮ ಪುಸ್ತಕ. ಇಬ್ಬರು ಸರದಿಯ ಮೇಲೆ ಸೈನ್ಯ ನಡೆಸುತ್ತಾರೆ. ಗುರಿ ತಗುಲಿತೇ, ಹೆದರಿದ ತುಕಡಿ ಓಡಿತೇ, ನಿಂತಿತೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಇದು ಎಲ್ಲಿಂದಲೋ ಬಂದ ಹವ್ಯಾಸ ಎಂದುಕೊಳ್ಳಬೇಡಿ. ಬೀದರ್ ಜಿಲ್ಲೆಯ ಬಸವಕಲ್ಯಾಣ ಹಿಂದೆ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥ ರಚಿಸಿದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು 100 ಅಧ್ಯಾಯ. ರಾಜ್ಯ ಗಳಿಸುವ, ಉಳಿಸುವ ವಿಚಾರ ಮೊದಲ ಭಾಗಗಳಲ್ಲಿದ್ದರೆ ಚದುರಂಗ ಮತ್ತು ಪಗಡೆಯಂಥ ಆಟಗಳ ವಿವರ ಕೊನೆಯಲ್ಲಿದೆ. ಸೈನ್ಯ ಕಟ್ಟುವುದನ್ನೂ ಕಾಯಿ ನಡೆಸುವುದನ್ನೂ ದೊರೆ ಒಂದೇ ಗ್ರಂಥದಲ್ಲಿ ಬರೆದ, ಆದರೆ ಬೇರೆ ಬೇರೆ ಭಾಗದಲ್ಲಿ ಇಟ್ಟ. ಆ ಕಾಲಕ್ಕೇ ಆಟ ಮತ್ತು ರಾಜಕಾರಣದ ನಡುವೆ ಒಂದು ಗೆರೆ ಎಳೆಯಬೇಕೆಂದು ಅವನಿಗೆ ಅನಿಸಿರಬೇಕು ಎಂಬುದು ನನ್ನ ಊಹೆ.

ಚದುರಂಗದ ಪಟವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಆನೆ ಇದೆ, ಕುದುರೆ ಇದೆ, ಕಾಲಾಳು ಇದ್ದಾನೆ. ಅರವತ್ತನಾಲ್ಕು ಮನೆಗಳಿವೆ, ಒಂದರಲ್ಲೂ ಸಂಸಾರ ಇಲ್ಲ. ಸೈನ್ಯ ತುಳಿದು ಹೋಗುವ ಜೋಳದ ಹೊಲ ಇಲ್ಲ. ಅಷ್ಟನ್ನೆಲ್ಲ ಬಿಟ್ಟಿದ್ದರಿಂದಲೇ ಅದು ಶುದ್ಧ ಬುದ್ಧಿಯ ಆಟವಾಯಿತು. ಆ ಆಯ್ಕೆ ನನಗೆ ಪೂರ್ತಿ ಒಪ್ಪಿಗೆ, ಏಕೆಂದರೆ ಚದುರಂಗ ಯಾವ ಊರಿನ ಹೆಸರನ್ನೂ ಹೇಳುವುದಿಲ್ಲ.

(ದೃಶ್ಯ: ಹಳೆಯ ಸೇನಾ ನಕ್ಷೆ. ಅದರ ಮೇಲೆ ಕೆಂಪು, ನೀಲಿ ಕಾಯಿಗಳು.)

ಊರಿನ ಹೆಸರು ಹೇಳುವ ಆಟವನ್ನು ಜರ್ಮನಿಯ ಹಳೆಯ ರಾಜ್ಯ ಪ್ರಷ್ಯಾದ ಸೈನ್ಯ ಪಾಠವಾಗಿಯೇ ಬಳಸಿತು. ರೈಸ್ವಿಟ್ಜ್ ಎಂಬ ತಂದೆ ಮೇಜಿನ ಮೇಲೆ ಶುರು ಮಾಡಿದ್ದ ಆಟವನ್ನು ಸೇನಾಧಿಕಾರಿಯಾಗಿದ್ದ ಮಗ ಕಾಗದದ ನಕ್ಷೆಗೆ ಇಳಿಸಿ 1824ರಲ್ಲಿ ನಿಯಮಗಳನ್ನು ಪ್ರಕಟಿಸಿದ. ಆಟಗಾರರು ಆಜ್ಞೆ ಬರೆದು ಕೊಡಬೇಕು, ಫಲ ಏನಾಯಿತೆಂದು ಒಬ್ಬ ತೀರ್ಪುಗಾರ ದಾಳ ಹಾಕಿ ಹೇಳಬೇಕು. ಇದರಲ್ಲಿ ವಾಸ್ತವದಿಂದ ಪಲಾಯನಕ್ಕೆ ಜಾಗವೇ ಇಲ್ಲ ಎನಿಸುತ್ತದೆ. ಆದರೆ 1942ರಲ್ಲಿ ಏನಾಯಿತು ನೋಡಿ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೆಲೆಯಾಗಿದ್ದ ಮಿಡ್‌ವೇ ದ್ವೀಪದ ಮೇಲೆ ದಾಳಿಗೆ ಹೊರಡುವ ಮುನ್ನ ಜಪಾನಿನ ನೌಕಾಪಡೆ ಇಂಥದೇ ಆಟ ಆಡಿತು. ಅಮೆರಿಕದ ಪಾತ್ರ ವಹಿಸಿದ್ದವರ ವಿಮಾನಗಳು ಜಪಾನಿನ ಹಡಗುಗಳ ಮೇಲೆ ಬಾಂಬ್ ಹಾಕಿದವು. ತೀರ್ಪುಗಾರನ ದಾಳ ಒಂಬತ್ತು ಬಾಂಬುಗಳು ತಗುಲಿದವು ಎಂದಿತು. ಆ ಲೆಕ್ಕದಲ್ಲಿ ವಿಮಾನವಾಹಕ ಹಡಗುಗಳಾದ ಅಕಾಗಿ, ಕಾಗಾ ಎರಡೂ ಮುಳುಗಬೇಕು. ಆಟದ ಮೇಲ್ವಿಚಾರಣೆಗೆ ಕುಳಿತಿದ್ದ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದ. ಅಕಾಗಿ ಉಳಿಯಿತು. ಮುಳುಗಿದ್ದ ಕಾಗಾ ಕೂಡ ಆಟದ ಮುಂದಿನ ಹಂತದಲ್ಲಿ ಮತ್ತೆ ತೇಲಿ ಬಂತು. ಕೆಲವೇ ವಾರಗಳಲ್ಲಿ, ಜೂನ್ ತಿಂಗಳಿನಲ್ಲಿ, ನಿಜವಾದ ಸಮುದ್ರದಲ್ಲಿ ಆ ಎರಡೂ ಹಡಗುಗಳು ಮುಳುಗಿದವು. ಜೊತೆಗೆ ಇನ್ನೆರಡು ವಿಮಾನವಾಹಕಗಳೂ.

ಡ್ರಾಗನ್ ಇಲ್ಲ, ಮಂತ್ರವಾದಿ ಇಲ್ಲ, ಸಮವಸ್ತ್ರ ತೊಟ್ಟ ದೊಡ್ಡ ದೊಡ್ಡ ಅಧಿಕಾರಿಗಳು ಗಂಭೀರ ಮುಖ ಹೊತ್ತು ಆಡಿದ ಆಟ ಅದು. ವಾಸ್ತವದಿಂದ ಓಡಿಹೋಗುವುದು ಎಂದರೆ ನನ್ನ ಪ್ರಕಾರ ಅದೇ. ಕಲ್ಪನಾಲೋಕದ ರಾಕ್ಷಸರ ಜೊತೆ ಭಾನುವಾರ ಕಳೆಯುವ ಹುಡುಗನನ್ನು ಆ ಸಾಲಿಗೆ ಸೇರಿಸಬೇಡಿ. ತನಗೆ ಬೇಡವಾದ ಸಂಖ್ಯೆಯನ್ನು ಅವನು ಯಾರ ಪ್ರಾಣಕ್ಕೂ ಕುತ್ತು ಬರುವಂತೆ ಅಳಿಸುತ್ತಿಲ್ಲ.

(ದೃಶ್ಯ: ಸಣ್ಣ ಕುಂಚದಿಂದ ಗೊಂಬೆಯ ಮುಖಕ್ಕೆ ಬಣ್ಣ ಹಚ್ಚುವುದು, ಹತ್ತಿರದಿಂದ.)

ಆ ಹುಡುಗನ ಪರವಾಗಿ ಇನ್ನೂ ಒಂದು ಮಾತು ಹೇಳಲೇಬೇಕು. 28 ಮಿಲಿಮೀಟರ್ ಗೊಂಬೆಗೆ ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿಯಬೇಕು. ಮೊದಲು ಬಿಳಿ ಗೆರೆ, ನಡುವೆ ಕಪ್ಪು ಚುಕ್ಕೆ, ಮೇಲೆ ರೆಪ್ಪೆಯ ಕಂದು. ಆ ಹೊತ್ತಿನಲ್ಲಿ ಮೇ ತಿಂಗಳ ಕಲಬುರಗಿಯ ಸೆಕೆಯೂ ನೆನಪಾಗುವುದಿಲ್ಲ. ಮನುಷ್ಯನಿಗೆ ಇಂಥ ವಿರಾಮ ಬೇಕು. ಇದನ್ನು ಕೀಳಾಗಿ ಕಾಣುವವರ ಮಾತು ನನಗೆ ಹಿಡಿಸುವುದಿಲ್ಲ.

ಆದರೂ ಕಲ್ಪನಾಲೋಕಕ್ಕೂ ಬಾಗಿಲು ಬೇಕು, ಬಾಗಿಲಲ್ಲಿ ಒಬ್ಬರು ನಿಲ್ಲಲೂಬೇಕು. 1987ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 'ವಾರ್‌ಹ್ಯಾಮರ್ 40,000' ಆಟದಲ್ಲಿ ದೂರದ ಭವಿಷ್ಯದ ಒಂದು ಕ್ರೂರ ಮಾನವ ಸಾಮ್ರಾಜ್ಯ ಇದೆ. ಅದನ್ನು ಕಟ್ಟಿದ್ದು ಕಟು ವಿಡಂಬನೆಯಾಗಿ. ಕೆಲವರಿಗೆ ಅದೇ ಆದರ್ಶವಾಯಿತು. ಸ್ಪೇನಿನ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬ ನಾಜಿ ಚಿಹ್ನೆಗಳನ್ನು ತೊಟ್ಟು ಕುಳಿತ. ಅದಾದ ಬಳಿಕ, 2021ರ ನವೆಂಬರ್‌ನಲ್ಲಿ, ತಯಾರಕ ಕಂಪನಿ ಗೇಮ್ಸ್ ವರ್ಕ್‌ಶಾಪ್ ದ್ವೇಷದ ಚಿಹ್ನೆ ತೊಟ್ಟವರಿಗೆ ತನ್ನ ಅಂಗಡಿ, ಪಂದ್ಯಾವಳಿಗಳಲ್ಲಿ ಜಾಗವಿಲ್ಲ ಎಂದು ಸ್ಪಷ್ಟಪಡಿಸಿತು. ನನಗೆ ಅದು ಸರಿ ಎನಿಸಿತು. ಎದುರು ಕುಳಿತವನು ನಿಜವಾದ ಮನುಷ್ಯ. ಅವನ ಮರೆವಿನ ಎರಡು ತಾಸುಗಳನ್ನು ಕಸಿಯುವ ಅಧಿಕಾರ ಯಾರಿಗೂ ಇಲ್ಲ.

(ದೃಶ್ಯ: ಯಾದಗಿರಿ ಜಿಲ್ಲೆಯ ನಕ್ಷೆ. ಸುರಪುರದ ಬಳಿ ಒಂದು ಗುರುತು.)

ಈಗ ನಮ್ಮ ಮೇಜಿಗೆ ಬರೋಣ. ನಮ್ಮ ಬಳಗ ಸಿದ್ಧಪಡಿಸುತ್ತಿರುವ ಆಟ ವಾಗಣಗೇರಾ ಮುತ್ತಿಗೆಯದು. ಸುರಪುರ ಸೀಮೆಯ ಬೇಡ ನಾಯಕರ ಕೋಟೆ ಅದು. 1705ರಲ್ಲಿ ಎಂಬತ್ತಾರು ವರ್ಷದ ಔರಂಗಜೇಬ ಖುದ್ದಾಗಿ ದಂಡು ತಂದು ಇಳಿದ. ಆತ ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ. ಬೇಡರ ಬಂದೂಕಿನ ಗುರಿಗೆ ಮೊಗಲ್ ಸೈನ್ಯ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗೋಡೆ ದಾಟಲಾಗದೆ ಒದ್ದಾಡಿತು. ಬೇಡರ ದೊರೆ ಪಿಡ್ಡ ನಾಯಕ ಸಂಧಾನದ ಮಾತಾಡುತ್ತ ದಿನ ತಳ್ಳಿದ, ಮರಾಠರು ನೆರವಿಗೆ ಬಂದರು. ಕೊನೆಗೆ ಮೊಗಲ್ ಸೇನಾಪತಿ ಜುಲ್ಫಿಕರ್ ಖಾನ್ ಬಂದು ಹೊರಗಿನ ಬಾವಿಗಳನ್ನು ಹಿಡಿದ. ಕೋಟೆ ಇನ್ನು ನಿಲ್ಲದು ಎಂದಾದಾಗ ಒಳಗಿದ್ದವರು ಬೆಂಕಿ ಹಚ್ಚಿ ರಾತ್ರಿಯಲ್ಲೇ ಹೊರಬಿದ್ದರು. ಮೊಗಲರ ಕೈಗೆ ಸಿಕ್ಕಿದ್ದು ಖಾಲಿ ಕೋಟೆ.

ಮಾಮೂಲಿ ನಿಯಮದ ಪ್ರಕಾರ ಇದು ಮೊಗಲರ ಗೆಲುವು. ಕೋಟೆ ಬಿತ್ತು, ಅಂಕ ಬಂತು, ಆಟ ಮುಗಿಯಿತು. ಸುರಪುರದ ಗೆಳೆಯನ ಕಾಕಾ ಮೇಜಿನ ಪಕ್ಕ ನಿಂತು ಎಲ್ಲ ಕೇಳಿಸಿಕೊಂಡು, "ತಮ್ಮಾ, ಕೋಟೆ ಬಿತ್ತು ಎನ್ನುತ್ತೀರಿ. ನಾಯಕರು ಸಿಕ್ಕರೇನು?" ಎಂದರು. "ಇಲ್ಲ ಕಾಕಾ, ಪಾರಾದರು" ಎಂದೆವು. "ಅವರ ಹೆಂಡರು ಮಕ್ಕಳು?" ಎಂದರು. ನಮ್ಮ ನಿಯಮದ ಹಾಳೆಯಲ್ಲಿ ಆ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ. ನನಗೆ ತಿಳಿದಂತೆ ಹೆಚ್ಚಿನ ಯುದ್ಧದಾಟಗಳ ಹಾಳೆಯಲ್ಲಿ ಅದು ಇರುವುದೂ ಇಲ್ಲ.

(ದೃಶ್ಯ: ಕೋಟೆಯೊಳಗೆ ಬಿಳಿ ಮಣಿಗಳನ್ನು ಒಂದೊಂದಾಗಿ ಇಡುವುದು.)

ಹೀಗಾಗಿ ಕೋಟೆಯೊಳಗೆ ಬಿಳಿ ಮಣಿಗಳು ಬಂದವು. ಒಂದೊಂದು ಮಣಿ ಒಂದೊಂದು ಮನೆಮಂದಿ. ಅವರು ಹೋರಾಡುವುದಿಲ್ಲ, ಆದರೆ ಪ್ರತಿ ಸರದಿಗೂ ನೀರು ಕುಡಿಯುತ್ತಾರೆ. ಗೋಡೆ ದಾಟಿ ಒಳಗೆ ಬೀಳುವ ಗುಂಡಿಗೆ ದಾಳ ಹಾಕಬೇಕು, ಅದು ಮಣಿಗೂ ತಗುಲಬಹುದು. ನಾಯಕನ ಕಡೆಯವರ ಗೆಲುವನ್ನು ರಾತ್ರಿಯ ಸರದಿಗಳಲ್ಲಿ ಮೇಜಿನ ಅಂಚು ದಾಟಿ ಪಾರಾದ ಮಣಿಗಳಿಂದ ಎಣಿಸುತ್ತೇವೆ. ಕೋಟೆ ಉರಿದು ಬೂದಿಯಾದರೂ ಆ ಎಣಿಕೆ ಹೆಚ್ಚಿದ್ದರೆ ಅವರು ಸೋತಿಲ್ಲ.

ಆಟದ ನಡೆಯೇ ಬದಲಾಯಿತು. ಮೊಗಲರ ಕಡೆ ಕುಳಿತ ಗೆಳೆಯ ಸದಾ ತೋಪಿನ ಮೇಲೇ ಭರವಸೆ ಇಡುವವನು. ಮಣಿಗಳನ್ನು ಕಂಡ ಮೇಲೆ ತೋಪು ಹಿಂದಕ್ಕೆ ಎಳೆದು ಬಾವಿಗಳತ್ತ ತಿರುಗಿದ. ಒಳಗಿನವರ ನೀರಿನ ಗುರುತು ಒಂದೊಂದಾಗಿ ಇಳಿಯತೊಡಗಿತು. ಆಗ ಇನ್ನೊಬ್ಬಳು ಗೆಳತಿ, "ಗುಂಡು ಬೇಡ ಎಂದು ಬಾಯಾರಿಕೆಯಿಂದ ಕೊಂದರೆ ಅದು ದಯೆಯೇ?" ಎಂದು ಹಿಡಿದು ನಿಲ್ಲಿಸಿದಳು. ಆ ಸಂಜೆ ಆಟ ಮುಂದುವರಿಯಲಿಲ್ಲ, ಚಹಾ ತಣ್ಣಗಾಗುವವರೆಗೂ ವಾದ ನಡೆಯಿತು. ಯಾರಿಗೂ ನೀತಿಪಾಠ ಕೇಳಿದಂತೆ ಅನಿಸಲಿಲ್ಲ. ಆಟ ಮೊದಲಿಗಿಂತ ಬಿಗಿಯಾಗಿತ್ತು, ಸ್ವಾರಸ್ಯವಾಗಿಯೂ ಇತ್ತು.

ಇಂಥ ನಿಯಮ ಇಂದಿನ ಕಾಲದ ಸೂಕ್ಷ್ಮತೆಯನ್ನು ಹಳೆಯ ಯುದ್ಧದ ಮೇಲೆ ಹೇರುವುದಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ಕಲಬುರಗಿಯಿಂದಲೇ ಉತ್ತರ ಕೊಡಬಲ್ಲೆ. 1366ರ ಸುಮಾರಿಗೆ ಇಲ್ಲಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಶಾ ವಿಜಯನಗರದ ಮೇಲೆ ಯುದ್ಧಕ್ಕೆ ಹೋಗಿ ಲೆಕ್ಕವಿಲ್ಲದಷ್ಟು ಜನರ ಹತ್ಯೆ ಮಾಡಿಸಿದ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಈ ಕಥೆಯನ್ನು ಹೇಳುತ್ತಾನೆ. ಸಂಧಾನಕ್ಕೆ ಬಂದ ವಿಜಯನಗರದ ದೂತರು, ಎರಡೂ ರಾಜ್ಯಗಳು ಮುಂದೆಯೂ ನೆರೆಯಲ್ಲೇ ಬಾಳಬೇಕು, ನಿರಾಯುಧರನ್ನು ಕೊಲ್ಲುವುದಿಲ್ಲವೆಂದು ಮಾತಾಗಲಿ ಎಂದು ಬೇಡಿಕೊಂಡರು. ಗೆದ್ದ ಮೇಲೆ ಯಾರನ್ನೂ ಕೊಲ್ಲುವುದಿಲ್ಲ, ತನ್ನ ನಂತರದವರೂ ಇದಕ್ಕೆ ಬದ್ಧರು ಎಂದು ಸುಲ್ತಾನ ಆಣೆ ಮಾಡಿದ. ಸೆರೆಯಾಳುಗಳನ್ನೂ ನಿರಾಯುಧ ಪ್ರಜೆಗಳನ್ನೂ ಕೊಲ್ಲದಿರುವುದು ಅಂದಿನಿಂದ ದಖ್ಖನದ ರೂಢಿಯಾಯಿತು ಎಂದು ಫೆರಿಷ್ತಾ ಬರೆಯುತ್ತಾನೆ. ಮುಂದಿನ ಎಲ್ಲ ದೊರೆಗಳೂ ಅದನ್ನು ಪಾಲಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೆ ಯುದ್ಧದಲ್ಲಿ ಯಾರನ್ನು ಬಿಡಬೇಕು ಎಂಬ ಪ್ರಶ್ನೆ ಆರು ನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿ ಎದ್ದಿತ್ತು. ನಮ್ಮ ಬಿಳಿ ಮಣಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ನಿಯಮದಿಂದಲೇ ಮೌಲ್ಯವನ್ನು ಮುಟ್ಟಿಸಿದವರು ಹೊರಗೂ ಇದ್ದಾರೆ. ಅಮೆರಿಕದ ಬ್ರೆಂಡಾ ರೊಮೆರೊ 2009ರಲ್ಲಿ ರೂಪಿಸಿದ 'ಟ್ರೇನ್' ಆಟದಲ್ಲಿ ಆಟಗಾರರು ಹಳದಿ ಬೊಂಬೆಗಳನ್ನು ರೈಲಿನ ಡಬ್ಬಿಗಳಿಗೆ ತುಂಬಿ ಬೇಗ ಮುಟ್ಟಿಸಲು ಪೈಪೋಟಿ ನಡೆಸುತ್ತಾರೆ. ಮುಟ್ಟಿದ ಮೇಲೆ ನಿಲ್ದಾಣದ ಹೆಸರು ತಿಳಿಯುತ್ತದೆ: ಆಶ್‌ವಿಟ್ಜ್, ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರ. ಭಾರತದ ಸ್ವಾತಂತ್ರ್ಯ ಹೋರಾಟವನ್ನು ಕುರಿತ 'ಗಾಂಧಿ' ಎಂಬ ಆಟವೂ ಇದೆ, 2019ರದು. ಬಂಡಾಯದ ಯುದ್ಧಗಳಿಗಾಗಿ ಹುಟ್ಟಿದ ನಿಯಮಗಳನ್ನೇ ತಿದ್ದಿ, ಅಹಿಂಸೆಯಿಂದ ಹೋರಾಡುವ ಪಕ್ಷಗಳಿಗೂ ಅದರಲ್ಲಿ ಗೆಲುವಿನ ದಾರಿ ಮಾಡಿದ್ದಾರೆ.

(ದೃಶ್ಯ: ಮೇಜು ಖಾಲಿ. ನಿರೂಪಕರು ನೇರವಾಗಿ ಕ್ಯಾಮೆರಾದತ್ತ.)

ನಮ್ಮ ಭಾಗದವರು ಆಗಾಗ ಕೇಳುವ ಒಂದು ಆಟ ಇದೆ. 1948. ನಿಜಾಮನ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ, ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ. ನಕ್ಷೆಯ ಮೇಲೆ ಅದು ಸುಲಭದ ಆಟ, ನಾಲ್ಕು ದಿಕ್ಕಿನಿಂದ ಸೈನ್ಯ, ಐದು ದಿನದಲ್ಲಿ ಮುಕ್ತಾಯ. ನಾನು ಅದನ್ನು ಮಾಡುವುದಿಲ್ಲ. ಆ ವರ್ಷದ ಮೇ ತಿಂಗಳಿನಲ್ಲಿ ನಿಜಾಮನ ಪರವಾದ ಖಾಸಗಿ ಪಡೆಯ ರಜಾಕಾರರು ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ಜನರನ್ನು ಕೊಂದರು. ಕಾರ್ಯಾಚರಣೆ ಮುಗಿದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಪಂಡಿತ್ ಸುಂದರಲಾಲ್ ಸಮಿತಿ ಗುರುತಿಸಿದ ನಾಲ್ಕರಲ್ಲಿ ಕಲಬುರಗಿ, ಬೀದರ್ ಎರಡೂ ಇವೆ. ಎರಡೂ ಕಡೆಯ ಮನೆಗಳಲ್ಲಿ ಸತ್ತವರ ಹೆಸರುಗಳನ್ನು ಇಂದಿಗೂ ನೆನೆಯುವವರಿದ್ದಾರೆ. ಐದು ದಿನದ ಸೈನಿಕ ಆಟ ಮಾಡಬೇಕೆಂದರೆ ಅದರ ಹಿಂದಿನ ಮತ್ತು ಮುಂದಿನ ತಿಂಗಳುಗಳನ್ನು ಮೇಜಿನಿಂದ ಗುಡಿಸಿ ಹಾಕಬೇಕು. ಒಂಬತ್ತನ್ನು ಮೂರು ಮಾಡಿದ ಕೈ ಮಾಡಿದ್ದೂ ಅದನ್ನೇ. ಇನ್ನು, ಸತ್ತವರನ್ನು ಮಣಿಗಳಾಗಿ ಇಟ್ಟರೆ? ಆ ಮನೆಯವರ ಎದುರು ಕುಳಿತು ದಾಳ ಎಸೆಯಲು ನನ್ನ ಕೈ ಬಾರದು. ಬೇರೆ ಯಾರಾದರೂ ಎರಡೂ ಕಡೆಯ ಹಿರಿಯರನ್ನು ಕೂರಿಸಿಕೊಂಡು ಮಾಡುವುದಾದರೆ ನಾನು ಅಡ್ಡ ಬರುವುದಿಲ್ಲ, ಗಮನವಿಟ್ಟು ನೋಡುತ್ತೇನೆ.

ನಾವು ಮುಂದೆ ಎತ್ತಿಕೊಂಡಿರುವುದು ಬೀದರ್ ಕೋಟೆಯ 1657ರ ಮುತ್ತಿಗೆ. ಆಗ ಔರಂಗಜೇಬ ಇನ್ನೂ ರಾಜಕುಮಾರ, ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಕೋಟೆಯ ಮದ್ದಿಗೆ ಬೆಂಕಿ ತಗುಲಿ ಸಿದ್ದಿ ಮರ್ಜಾನ್ ಮತ್ತು ಅವನ ಮಕ್ಕಳು ಸುಟ್ಟುಕೊಂಡರು, ಕೋಟೆ ಕೈಬಿಟ್ಟಿತು. ಈ ಸ್ಫೋಟವನ್ನು ದಾಳಕ್ಕೆ ಬಿಡಬೇಕೇ, ಇಲ್ಲವೇ ನಡೆದೇ ತೀರುವ ಘಟನೆಯಾಗಿ ಇಡಬೇಕೇ ಎಂಬುದು ಬಳಗದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ದಾಳಕ್ಕೆ ಬಿಟ್ಟರೆ ಸಿದ್ದಿ ಮರ್ಜಾನ್‌ನ ಕಡೆ ಆಡುವವರಿಗೆ ನಿಜವಾದ ಅವಕಾಶ ಸಿಗುತ್ತದೆ, ಹೀಗಾಗಿ ನನ್ನ ಒಲವು ಆ ಕಡೆಗೆ. ಬೀದರಿನವರು, ಅದರಲ್ಲೂ ಕೋಟೆಯ ಬುರುಜುಗಳನ್ನು ಹತ್ತಿ ಇಳಿದು ಬಲ್ಲವರು, ನಿಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಿ. ವಾಗಣಗೇರಾ ಆಟದ ನಿಯಮದ ಹಾಳೆಯನ್ನು ಈ ವಿಡಿಯೋದ ಕೆಳಗೆ ಇಟ್ಟಿದ್ದೇವೆ. ನೀರಿನ ನಿಯಮ ನಾಲ್ಕನೆಯ ಪುಟದಲ್ಲಿದೆ, ಆಡುವ ಮೊದಲು ಅದನ್ನು ಓದಿಕೊಳ್ಳಿ.