ಬೀಕರಲ್ಲಿ ಇರೋದು ನೀರೇ ಅಂತ ಹೇಗೆ ಗೊತ್ತು?

ನಮಸ್ಕಾರ, ಎಲ್ರೂ ಹೇಗಿದ್ದೀರಾ. ಹಿಂದ್ಗಡೆ ಸೌಂಡ್ ಕೇಳಿಸ್ತಿದ್ರೆ ಬೇಜಾರ್ ಮಾಡ್ಕೋಬೇಡಿ, ಮೈಕ್ ಕೆಟ್ಟಿಲ್ಲ, ಶೀಟ್ ಮೇಲೆ ಮಳೆ. ನಿನ್ನೆ ಬೆಳಗ್ಗೆಯಿಂದ ಇವತ್ತು ಬೆಳಗ್ಗೆವರೆಗೆ ನಮ್ಮ ತೋಟದಲ್ಲಿ ಆರು ಇಂಚು, ಇನ್ನೂ ನಿಲ್ಲೋ ಲಕ್ಷಣ ಇಲ್ಲ.

ಇವತ್ತಿನ ವಿಷಯ ಕೆಮಿಸ್ಟ್ರಿ ಲ್ಯಾಬ್. ಆರ್ಟ್ಸ್ ಕಾಮರ್ಸ್‌ನೋರು ಎದ್ದು ಹೋಗ್ಬೇಡಿ, ನಿಮಗೂ ಕಥೆ ಇದೆ. ಹೊಸ ಬ್ಯಾಚ್ ಬಂದಾಗ ಪ್ರತಿ ವರ್ಷ ಒಂದು ಶಾಸ್ತ್ರ ನಡೆಯುತ್ತೆ, ಎರಡು ಪುಟದ ಇಂಗ್ಲಿಷ್ ಸೇಫ್ಟಿ ರೂಲ್ಸ್ ಕೊಡ್ತಾರೆ, ಕೆಳಗೆ ಸೈನ್ ಹಾಕಿ ಅಂತಾರೆ, ಮಕ್ಳು ಓದದೇ ಸೈನ್ ಹಾಕಿ ಕೊಡ್ತಾರೆ, ಅದು ಫೈಲಿಗೆ ಹೋಗುತ್ತೆ, ಮುಗೀತು. ನನ್ನ ಪ್ರಕಾರ ಆ ಸೈನ್ ಇರೋದು ಆಫೀಸನ್ನ ಕಾಪಾಡೋಕೆ, ನಿಮ್ಮ ಕಣ್ಣನ್ನಲ್ಲ. ರೂಲ್ಸ್ ತಪ್ಪು ಅಂತಿಲ್ಲ ನಾನು, ಬಹಳಷ್ಟು ಸರಿಯಾಗೇ ಇವೆ, ಆದ್ರೆ ಅದನ್ನ ಬರೆದೋರು ನಮ್ಮ ಜುಲೈ ತಿಂಗಳು ನೋಡಿಲ್ಲ.

ಉದಾಹರಣೆಗೆ ಲ್ಯಾಬ್ ಕೋಟ್. ಕಾಟನ್ ಕೋಟ್ ಕಡ್ಡಾಯ ಅಂತ ಬರ್ದಿರುತ್ತೆ. ಮಡಿಕೇರಿ ಕಡೆ ಮಳೆಗಾಲದಲ್ಲಿ ಒಂದು ಕಾಟನ್ ಕೋಟ್ ಒಗೆದ್ರೆ ಒಣಗೋಕೆ ಎಷ್ಟು ದಿನ ಬೇಕು ಹೇಳಿ, ನಮ್ಮಮ್ಮ ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ರೂ ನಾಲ್ಕನೇ ದಿನ ಹೊಗೆ ವಾಸ್ನೆ ಹೊಡೀತಾ ಅರ್ಧಂಬರ್ಧ ಒಣಗಿರೋದು. ಅದಕ್ಕೆ ಹುಡುಗ್ರು ಏನ್ ಮಾಡ್ತಾರೆ, ಕೋಟ್ ಬಿಟ್ಟು ಚಳಿಗೆ ಹಾಕ್ಕೊಂಡ್ ಬಂದ ಸ್ವೆಟರ್ರೋ ಜರ್ಕಿನ್ನೋ ಅದರಲ್ಲೇ ಬರ್ನರ್ ಮುಂದೆ ನಿಂತ್ಕೋತಾರೆ. ಶೂ ಒದ್ದೆಯಾಗಿದೆ ಅಂತ ಹೊರಗೆ ಬಿಚ್ಚಿಟ್ಟು ಹವಾಯಿ ಚಪ್ಪಲಿ.

ಸ್ವೆಟರ್ ತಾನೇ, ಏನಾಗುತ್ತೆ ಅನ್ನೋರಿಗೆ ಒಂದು ವಿಷಯ. 2008ರ ಡಿಸೆಂಬರ್ 29, ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿ. ಶೆರಿ ಸಾಂಗ್‌ಜಿ ಅಂತ 23 ವರ್ಷದ ರಿಸರ್ಚ್ ಅಸಿಸ್ಟೆಂಟ್ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಅನ್ನೋ ಕೆಮಿಕಲ್‌ನ ಸಿರಿಂಜಲ್ಲಿ ಎಳೀತಿದ್ರು, ಅದು ಗಾಳಿ ಸೋಕಿದ ಕೂಡ್ಲೆ ಹತ್ಕೊಳ್ಳೋ ಜಾತಿ. ಸಿರಿಂಜಿನ ಹಿಂದೆ ಎಳೆಯೋ ಪ್ಲಂಜರ್ ಕಳಚ್ಕೊಂಡು ಬಂತು, ಬೆಂಕಿ ಹತ್ತಿತು. ಮೈಮೇಲೆ ಲ್ಯಾಬ್ ಕೋಟ್ ಇರ್ಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನ ಆಸ್ಪತ್ರೆಯಲ್ಲಿದ್ದು ತೀರ್ಕೊಂಡ್ರು. ಕಾಟನ್ನೂ ಉರಿಯುತ್ತೆ ನಿಜ, ಆದ್ರೆ ಸಿಂಥೆಟಿಕ್ ಬಟ್ಟೆ ಕರಗಿ ಚರ್ಮಕ್ಕೆ ಅಂಟ್ಕೊಳ್ಳುತ್ತೆ, ಕೀಳೋಕೆ ಬರಲ್ಲ. ಹಾಗಾಗಿ ಮಳೆಗಾಲದಲ್ಲಿ ಇಬ್ಬಿಬ್ಬರಿಗೆ ಮೂರು ಕೋಟ್ ಅಂತ ಇಟ್ಟು, ಒಣಗಿಸೋಕೆ ಡಿಪಾರ್ಟ್‌ಮೆಂಟಲ್ಲೇ ಒಂದು ಹೀಟರ್ ರೂಮ್ ಮಾಡಿ. ಅದು ಮಾಡದೇ ಬರೀ ಕೋಟ್ ಇಲ್ದಿದ್ರೆ ಫೈನ್ ಅಂದ್ರೆ ಮಕ್ಳು ಫೈನ್ ಕಟ್ತಾರೆ ಅಷ್ಟೇ.

ಈಗ ನಿಜವಾಗಿ ಹೇಳ್ಬೇಕಂತಿದ್ದ ವಿಷಯಕ್ಕೆ ಬರ್ತೀನಿ, ಸುಮ್ನೆ ಸುತ್ತಿ ಬಳಸಿ ಹೋಗ್ತಿದ್ದೆ ಯಾಕಂದ್ರೆ ತಪ್ಪು ನಂದೇ.

ನಾನು ಎಂಎಸ್ಸಿ ಓದುವಾಗ ಒಂದು ಸಂಜೆ ಕಾನ್ಸಂಟ್ರೇಟೆಡ್ ಸಲ್ಫ್ಯೂರಿಕ್ ಆ್ಯಸಿಡ್ ತಗೊಂಡಿದ್ದೆ, ಬೇಕಾದ್ದಕ್ಕಿಂತ ಜಾಸ್ತಿ, ಬೀಕರಲ್ಲಿ ಒಂದಿಷ್ಟು ಉಳೀತು. ಕರೆಂಟ್ ಹೋಯ್ತು, ಕೊನೆ ಬಸ್ಸಿಗೆ ಹತ್ತು ನಿಮಿಷ ಇತ್ತು, ನಾಳೆ ನೋಡೋಣ ಅಂತ ಸಿಂಕ್ ಪಕ್ಕ ಇಟ್ಟು ಕೊಡೆ ತಗೊಂಡು ಓಡಿದೆ. ಲೇಬಲ್ ಇಲ್ಲ, ಮೇಲೆ ಮುಚ್ಚಿದ್ದೂ ಇಲ್ಲ. ನೋಡೋಕೆ ನೀರೇ, ಅಲ್ಲಾಡಿಸಿದ್ರೆ ಮಾತ್ರ ಎಣ್ಣೆ ಥರ ಸ್ವಲ್ಪ ಮಂದ. ಬೆಳಗ್ಗೆ ಅಟೆಂಡರ್ ಅಕ್ಕ ಬಂದ್ರು, ದಿನಾ ಮಾಡೋ ಹಾಗೆ ಎಲ್ಲಾ ಗಾಜಿನ ಸಾಮಾನು ತೊಳೆಯೋಕೆ ಶುರು ಮಾಡಿ, ಆ ಬೀಕರನ್ನ ನಲ್ಲಿ ಕೆಳಗೆ ಹಿಡಿದ್ರು.

ಆ್ಯಸಿಡ್‌ನ ನೀರಿಗೆ ಹಾಕು, ನೀರನ್ನ ಆ್ಯಸಿಡ್‌ಗೆ ಹಾಕ್ಬೇಡ ಅಂತ ನಾವೆಲ್ಲ ಪಿಯುಸಿಯಲ್ಲೇ ಬಾಯಿಪಾಠ ಮಾಡಿರ್ತೀವಿ. ಕಾರಣ ಸಿಂಪಲ್. ಈ ಆ್ಯಸಿಡ್ ನೀರಿಗಿಂತ ಹೆಚ್ಚುಕಮ್ಮಿ 1.84 ಪಟ್ಟು ಭಾರ, ಮೇಲಿಂದ ನೀರು ಬಿದ್ರೆ ಅದು ಮೇಲೇ ನಿಂತ್ಕೊಂಡು, ಎರಡೂ ಸೇರೋ ಜಾಗದಲ್ಲಿ ಸಿಕ್ಕಾಪಟ್ಟೆ ಶಾಖ ಬಂದು, ಆ ನೀರು ಕುದ್ದು ಆ್ಯಸಿಡ್‌ನೂ ಎಳ್ಕೊಂಡು ಎಗರುತ್ತೆ, ಕಾದ ಬಾಣಲೆಗೆ ನೀರು ಬಿದ್ದ ಹಾಗೆ. ಅಕ್ಕಂಗೆ ಮಣಿಕಟ್ಟು, ಒಂದು ಕಡೆ ಕೆನ್ನೆ ಸುಟ್ಟಿತ್ತು. ಕಣ್ಣಿಗೆ ಬೀಳ್ಲಿಲ್ಲ, ಅದು ಅವರ ಪುಣ್ಯ, ನನ್ನ ಬುದ್ಧಿವಂತಿಕೆ ಏನೂ ಇಲ್ಲ ಅದ್ರಲ್ಲಿ. ಯಾರೋ ಸೀನಿಯರ್ ಕೈ ಹಿಡ್ಕೊಂಡು ನಲ್ಲಿ ಕೆಳಗೇ ನಿಲ್ಸಿದ್ರಂತೆ, ಹದಿನೈದು ನಿಮಿಷ. ಅದು ಸರಿ ಮಾಡಿದ್ರು. ಮುಲಾಮು ಅರಿಶಿನ ಎಲ್ಲಾ ಹುಡುಕ್ತಾ ಕೂರ್ಬಾರ್ದು, ನೀರು, ನೀರು, ನೀರು, ಆಮೇಲೆ ಆಸ್ಪತ್ರೆ.

ಆಮೇಲೆ ನಂಗೆ ತಲೆಗೆ ಹೋದದ್ದು ಏನಂದ್ರೆ, ಆ ರೂಲ್ಸ್ ಶೀಟಿಗೆ ಸೈನ್ ಹಾಕಿದ್ದು ನಾನು, ಪೆಟ್ಟು ತಿಂದಿದ್ದು ಅದನ್ನ ಕಣ್ಣಲ್ಲೂ ನೋಡದ ಅಕ್ಕ. ಒಬ್ರೇ ಕೆಲಸ ಮಾಡೋ ಲ್ಯಾಬಲ್ಲಿ ಮರೆತದ್ದು ನಮ್ಮ ತಲೆ ಮೇಲೇ ಬೀಳುತ್ತೆ. ಐವತ್ತು ಜನ ಬಳಸೋ ಲ್ಯಾಬಲ್ಲಿ ನಿಮ್ಮ ಹಿಂದೆ ಬರೋರ ಮೇಲೆ ಬೀಳುತ್ತೆ. ಗ್ಲೌಸ್ ಹಾಕ್ಕೊಂಡು ಬಾಗಿಲ ಹಿಡಿ ಮುಟ್ಟೋದೂ ಅಷ್ಟೇ, ನಿಮ್ಮ ಕೈ ಕ್ಲೀನ್, ಮುಂದಿನವರು ಬರಿಗೈಯಲ್ಲಿ ಅದೇ ಹಿಡಿ ಮುಟ್ಟಿ ಹೋಗಿ ಟಿಫಿನ್ ಬಾಕ್ಸ್ ತೆಗೀತಾರೆ. ವೇಸ್ಟ್ ಕ್ಯಾನ್ ಕಥೆ ಇನ್ನೂ ಕೆಟ್ಟದ್ದು. ಬೆಳಗ್ಗೆ ಬ್ಯಾಚಿನವನು ಅಸಿಟೋನ್ ಸುರೀತಾನೆ, ಮಧ್ಯಾಹ್ನದವನು ನೈಟ್ರಿಕ್ ಆ್ಯಸಿಡ್ ಸುರಿದು ಮುಚ್ಚಳ ಬಿಗಿ ಮಾಡಿ ಹೋಗ್ತಾನೆ, ಒಳಗೆ ಗ್ಯಾಸ್ ಕಟ್ಕೊಂಡು ಕ್ಯಾನ್ ಸಿಡಿಯೋ ಹೊತ್ತಿಗೆ ಇಬ್ರೂ ಕ್ಯಾಂಟೀನಲ್ಲಿ.

ನೋಡಿ, ನಮ್ಮ ಕೊಡಗಿನೋರಿಗೆ ಇದನ್ನ ಹೊಸದಾಗಿ ಹೇಳ್ಕೊಡೋದೇ ಬೇಡ. ಕೊಡವರ ಮನೆಗಳಲ್ಲಿ ಕೋವಿ ಇರುತ್ತೆ, ಕೈಲ್‌ಪೊಳ್ದ್ ಅನ್ನೋ ಆಯುಧದ ಹಬ್ಬದ ದಿನ ಪೂಜೆಗೆ ಇಡೋವಾಗ ಗಮನಿಸಿ, ಹಿರಿಯರು ಯಾರೇ ಕೊಟ್ರೂ, ಖಾಲಿ ಇದೆ ಅಂತ ಬಾಯಲ್ಲಿ ಹೇಳಿ ಕೊಟ್ರೂ, ನಳಿಗೆ ಮಡಚಿ ಒಳಗೆ ನೋಡದೇ ಇಸ್ಕೊಳ್ಳಲ್ಲ. ನೋಡೋವರೆಗೆ ಅದರಲ್ಲಿ ಗುಂಡು ಇದೆ ಅಂತಾನೇ ಲೆಕ್ಕ. ಲೇಬಲ್ ಇಲ್ಲದ ಬೀಕರೂ ಹಾಗೇ. ಅದೇ ಜನ ತೋಟದಲ್ಲಿ ಮದ್ದು ಹೊಡೆಯೋ ಔಷಧಿನ ಖಾಲಿ ಕ್ವಾರ್ಟರ್ ಬಾಟ್ಲಿಗೆ ತುಂಬಿ ಕಿಟಕಿ ಮೇಲೆ ಇಡ್ತಾರೆ, ಅದು ಬೇರೆ ಎಪಿಸೋಡ್, ಈಗ ಬೇಡ.

ಲೇಬಲ್ ಹಾಕ್ತೀವಿ ಸರ್, ಆದ್ರೆ ನಿಲ್ಲಲ್ಲ ಅಂತಾರೆ ಮಕ್ಳು. ನಿಜ. ಆಗಸ್ಟ್ ಹೊತ್ತಿಗೆ ತೇವಕ್ಕೆ ಅಂಟು ಬಿಡುತ್ತೆ, ಪೆನ್ನಿನ ಇಂಕು ಹರಡುತ್ತೆ, ಕಾಗದಕ್ಕೆ ಬೂಸ್ಟು. ಪೆನ್ಸಿಲಲ್ಲಿ ಬರೀರಿ, ಮೇಲೆ ಅಗಲದ ಟ್ರಾನ್ಸ್‌ಪರೆಂಟ್ ಟೇಪ್ ಸುತ್ತ ಪೂರ್ತಿ ಬರೋ ಹಾಗೆ ಸುತ್ತಿ. ಏನಿದೆ, ಎಷ್ಟು ಸ್ಟ್ರಾಂಗ್, ಯಾವತ್ತಿಂದು, ಯಾರದ್ದು. ಕನ್ನಡದಲ್ಲೂ ಒಂದು ಸಾಲು, ‘ಆ್ಯಸಿಡ್, ತೊಳೀಬೇಡಿ’ ಅಂತ.

ಕರೆಂಟ್ ಬಗ್ಗೆ ಬೇಗ ಹೇಳಿ ಬಿಡ್ತೀನಿ. ಕೆಮಿಕಲ್ ಹೊಗೆನ ಫ್ಯಾನಲ್ಲಿ ಹೊರಗೆ ಎಳೆಯೋ ಫ್ಯೂಮ್ ಹುಡ್, ಕರೆಂಟ್ ಹೋದ್ರೆ ಬರೀ ಗಾಜಿನ ಬಾಗಿಲಿನ ಬೀರು. ಹೊಗೆ ಎಳೆಯಲ್ಲ, ಮಳೆ ಅಂತ ಕಿಟಕಿನೂ ಹಾಕಿರ್ತೀರಿ. ಬಿಸಿ ಆಫ್ ಮಾಡಿ, ಬಾಟ್ಲಿ ಮುಚ್ಚಿ, ಹೊರಗೆ ಬನ್ನಿ, ಟಾರ್ಚ್ ಹಿಡ್ಕೊಂಡು ಮುಂದುವರಿಸೋ ವೀರತನ ಬೇಡ. ಇನ್ನೊಂದು, ಕಣ್ಣಿಗೆ ಕೆಮಿಕಲ್ ಬಿದ್ರೆ ತೊಳ್ಕೊಳ್ಳೋಕೆ ಐ ವಾಶ್ ಅಂತ ಗೋಡೆಗೆ ನಲ್ಲಿ ಹಾಕಿರ್ತಾರಲ್ಲ, ಅದನ್ನ ಯಾರಾದ್ರೂ ತಿರುಗಿಸಿ ನೋಡಿದೀರಾ? ನಾನು ಈಗ ಪಾಠ ಮಾಡೋ ಕಡೆ ಮೊದಲ ಸಲ ತಿರುಗಿಸಿದಾಗ ಬಂದಿದ್ದು ಕೆಂಪು ಮಣ್ಣು ನೀರು. ಈಗ ಪ್ರತಿ ಸೋಮವಾರ ಬಿಡ್ತೀವಿ, ತಿಳಿಯಾಗೋವರೆಗೆ.

ಆ ಅಕ್ಕ ಆಮೇಲೆ ಒಂದ್ಸಲ ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಸಿಕ್ಕಿದ್ರು, ಮಣಿಕಟ್ಟಲ್ಲಿ ಕಲೆ ಹಾಗೇ ಇದೆ. "ನಾನೇ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ಮಗಾ" ಅಂದ್ರು. ಕ್ಷಮೆ ಕೇಳೋಕೆ ಹೋದವನು ನಾನು, ಬಾಯೇ ಬರ್ಲಿಲ್ಲ.

ಅದಾದ್ಮೇಲೆ ನಮ್ಮ ಕಡೆ ಅಟೆಂಡರ್‌ಗಳನ್ನೂ ಮೊದಲ ದಿನದ ಕ್ಲಾಸಿಗೆ ಕೂರಿಸ್ತೀನಿ, ಲೇಬಲ್ ಇಲ್ಲದ್ದನ್ನ ತೊಳೆಯಲ್ಲ ಅಂತ ಹೇಳೋ ಹಕ್ಕು ಅವರಿಗಿದೆ ಅಂತ ಎಲ್ರ ಮುಂದೆ ಹೇಳ್ತೀನಿ. ಹೋದ ವಾರ ಒಂದು ಫ್ಲಾಸ್ಕ್ ಹಾಗೇ ವಾಪಸ್ ಬಂತು. ಹುಡುಗಂಗೆ ಕೋಪ, ‘ಸರ್ ಅದು ಬರೀ ಡಿಸ್ಟಿಲ್ಡ್ ವಾಟರ್’ ಅಂತ. ಇರ್ಬಹುದಪ್ಪಾ, ಹಾಗಾದ್ರೆ ನೀನೇ ತೊಳ್ಕೋ ಅಂದೆ.