ಪಲ್ಪರ್‌ಗೂ ಟ್ರಯಲ್, ಪುಷ್ಪಕ್‌ಗೂ ಟ್ರಯಲ್

ಈ ಕಿರಕಿರ ಸದ್ದು ಕೇಳಿಸುತ್ತಿದೆಯಾ? ಸಕಲೇಶಪುರದ ಹತ್ತಿರ, ನಮ್ಮ ಚಿಕ್ಕಪ್ಪನ ತೋಟದ ಪಲ್ಪರ್ ಇದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ನು. ವರ್ಷಕ್ಕೆ ಎರಡು ಮೂರು ತಿಂಗಳು ಕೆಲಸ, ಆಮೇಲೆ ಗೋಣಿಚೀಲ ಹೊದ್ದು ನಿದ್ದೆ. ಮುಂದಿನ ವಾರ ಹಣ್ಣು ಕುಯ್ಯಬೇಕು. ಅದಕ್ಕೇ ಇವತ್ತು ಎಲ್ಲಾ ಬಿಚ್ಚಿ ಹರಡಿದ್ದಾರೆ.

ನಿನ್ನೆ ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ಹೋಗಿದ್ದೆ. ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ, ಇರುವುದು ಅಲ್ಲೇ. ಗೇಟಿನ ಹತ್ತಿರ ಕ್ಯಾಮೆರಾ ಆಚೆ ತೆಗೆಯಲಿಲ್ಲ, ಅಷ್ಟು ಬುದ್ಧಿ ಇದೆ ನನಗೆ! 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿ ಕೂತೇ ನೋಡಿಕೊಳ್ಳುತ್ತಾರೆ. ಏನಾದರೂ ಕೆಟ್ಟರೆ ಸ್ಪ್ಯಾನರ್ ಹಿಡಿದು ಹೋಗೋಕೆ ಆಗಲ್ಲ. ವಾಪಸ್ ಬರುವ ನೌಕೆಯನ್ನಾದರೆ ಬಿಚ್ಚಬಹುದು. ತಲೆನೋವು ಶುರುವಾಗುವುದೂ ಅಲ್ಲೇ.

ಅಮೆರಿಕದ ಸ್ಪೇಸ್ ಶಟಲ್ ಮೈಮೇಲೆ ಸುಮಾರು 24,000 ಬಿಲ್ಲೆಗಳಿದ್ದವು. ಬಿಸಿ ತಡೆಯುವುದಕ್ಕೆ. ಕೈಯಲ್ಲಿ ಹಿಡಿದರೆ ಥರ್ಮೋಕೋಲಿನಷ್ಟು ಹಗುರ. ಒಂದರ ಆಕಾರ ಇನ್ನೊಂದಕ್ಕಿಲ್ಲ, ಹಾಗಾಗಿ ಒಂದೊಂದಕ್ಕೂ ಬೇರೆ ನಂಬರು. ಪ್ರತಿ ಸಲ ಇಳಿದ ಮೇಲೂ ಎಲ್ಲವನ್ನೂ ನೋಡಬೇಕಿತ್ತು, ನೀರು ಹೀರದಂತೆ ಸೂಜಿಯಲ್ಲಿ ಔಷಧಿ ಚುಚ್ಚಬೇಕಿತ್ತು. ಇದನ್ನು ಹೇಳಿದರೆ ಚಿಕ್ಕಪ್ಪ, "ಒಂದೊಂದಕ್ಕೂ ಇಂಜೆಕ್ಷನ್ನಾ? ಕೂಲಿ ಯಾರು ಕೊಡ್ತಾರೆ?" ಅಂದರು. ಸರಿಯಾದ ಪ್ರಶ್ನೆ ಅಲ್ವಾ? ಮತ್ತೆ ಹಾರಿಸಿದರೆ ಖರ್ಚು ಉಳಿಯುತ್ತದೆ ಅಂದುಕೊಂಡಿದ್ದರು. ರಿಪೇರಿಗೇ ತಿಂಗಳುಗಟ್ಟಲೆ ಹಿಡಿಯಿತು.

ನಮ್ಮ ಇಸ್ರೋದ ಪುಷ್ಪಕ್, ಮತ್ತೆ ಮತ್ತೆ ಹಾರಿಸಬಹುದಾದ ರೆಕ್ಕೆಯ ನೌಕೆಗಾಗಿ, ಇಳಿಯುವುದನ್ನು ಕಲಿಯಲೆಂದು ಮಾಡಿದ ಮಾದರಿ. ಚಳ್ಳಕೆರೆ ಹತ್ತಿರ ಚಿನೂಕ್ ಹೆಲಿಕಾಪ್ಟರ್‌ಗೆ ತೂಗುಹಾಕಿ, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟುಬಿಟ್ಟರು. ಇಂಜಿನ್ನಿನ ಸಹಾಯ ಇಲ್ಲ, ಪೈಲಟ್ ಇಲ್ಲ. 2024ರ ಜೂನ್‌ನಲ್ಲಿ ಬೇಕೆಂದೇ ರನ್‌ವೇ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರು. ತಾನೇ ದಾರಿ ಸರಿಮಾಡಿಕೊಂಡು, ಗಂಟೆಗೆ 320 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ನೆಲ ಮುಟ್ಟಿತು. ಆಮೇಲೆ ಪ್ಯಾರಾಚೂಟು, ಬ್ರೇಕು. ನನಗೆ ಇಷ್ಟವಾಗಿದ್ದು ಬೇರೆ ವಿಷಯ. ಮಾರ್ಚ್‌ನಲ್ಲಿ ಇಳಿದಿದ್ದ ಅದೇ ರೆಕ್ಕೆ-ಮೈಯನ್ನೇ ಏನೂ ಬದಲಿಸದೆ ಮತ್ತೆ ಬಳಸಿದ್ದರು.

ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಅಂತೂ ಇದರಲ್ಲಿ ಪಳಗಿಬಿಟ್ಟಿದೆ. ಮೊದಲೆಲ್ಲಾ ಹಾರಿಸುವ ಮುಂಚೆ ರಾಕೆಟ್ಟನ್ನು ನೆಲಕ್ಕೆ ಬಿಗಿದು ಇಂಜಿನ್ ಒಂದೆರಡು ಕ್ಷಣ ಉರಿಸಿ ನೋಡುತ್ತಿದ್ದರು. ಈಗ ಹಳೇ ಬೂಸ್ಟರ್ (ವಾಪಸ್ ಬಂದು ಇಳಿಯುವ ರಾಕೆಟ್ಟಿನ ಕೆಳಭಾಗ) ಆದರೆ ಎಷ್ಟೋ ಸಲ ಅದೂ ಇಲ್ಲ. ಹೋದ ಸಲ ಹಾರಿ ಬಂದಿದ್ದೇ ಟೆಸ್ಟು.

ಚಿಕ್ಕಪ್ಪ ಅಷ್ಟು ಧೈರ್ಯ ಮಾಡಲ್ಲ. ಹೋದ ವರ್ಷ ಟ್ರಯಲ್ ನೋಡದೆ ಹಣ್ಣು ಸುರಿದು, ಅರ್ಧ ದಿನದ ಕಾಫಿ ಪಲ್ಪರ್ ಕಟ್ ಆಗಿತ್ತು. ಬೀಜವೆಲ್ಲಾ ಗಾಯ. ಇವತ್ತು ಮೊದಲು ಬರೀ ನೀರು ಬಿಟ್ಟು ಓಡಿಸಿದರು. ಆಮೇಲೆ ಒಂದೇ ಒಂದು ಬುಟ್ಟಿ ಹಣ್ಣು. ನೋಡಿ, ಬೀಜ ಅಂಗೈಯಲ್ಲಿ ಹರಡಿಕೊಂಡು ಬೆರಳಲ್ಲಿ ಒಂದೊಂದೇ ತಿರುಗಿಸುತ್ತಿದ್ದಾರೆ. ಒಂದು ಬೀಜದ ಅಂಚಲ್ಲಿ ಉಗುರು ಗೀಚಿದಷ್ಟು ಗಾಯ.

"ಪುಟ್ಟೀ, ಆ ಕ್ಯಾಮೆರಾ ಇಟ್ಟು ಸ್ಪ್ಯಾನರ್ ಕೊಡು."